ಮೊಳ ಅಳೆಯುವ ಕೈ

ಮೊನ್ನೆ ಮೆಟ್ರೊದಲ್ಲಿ ನನ್ನ ಪಕ್ಕ ಬಂದು ನಿಂತವನ ಅಂಗಿಯಿಂದ ಕಟಿಂಗ್ ಆಯಿಲ್ ವಾಸನೆ ಬಂತು. ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕೊರೆಯುವಾಗ ಬಿಸಿ ಏರದಿರಲಿ ಎಂದು ಸುರಿಯುವ ಹಾಲುಬಣ್ಣದ ಎಣ್ಣೆನೀರು ಅದು. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಬಟ್ಟೆಯಿಂದ ಪೂರ್ತಿ ಹೋಗುವುದಿಲ್ಲ. ಸುತ್ತ ಇದ್ದವರು ಮೂಗು ಮುರಿದು ಆಚೆ ಸರಿದರು. ನಾನು ಕಂಬ ಹಿಡಿದುಕೊಂಡು ಅಲ್ಲೇ ನಿಂತೆ. ಇಳಿಯಬೇಕಾದ ಸ್ಟೇಷನ್ ಬಂದು ಹೋಯಿತು, ಇಳಿಯಲಿಲ್ಲ. ಚಂದಾಪುರದಲ್ಲಿ ಕಳೆದ ಒಂದು ಮಳೆಗಾಲ ಮತ್ತು ಅದರ ಕೊನೆಯಲ್ಲಿ ಪೀಣ್ಯಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಎರಡೂ ಒಟ್ಟಿಗೆ ನೆನಪಿಗೆ ಬಂದಿದ್ದವು.

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಡಿಸೈನರ್. ಡಿಸೈನರ್ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ನಾನು ಬರೆಯುತ್ತಿದ್ದದ್ದು ಪೆಟ್ಟಿಗೆಯ ಮೇಲಿನ ಛತ್ರಿ, ಗಾಜಿನ ಲೋಟ, ಮೇಲ್ಮುಖದ ಬಾಣ. ನೆನೆಸಬೇಡಿ, ಒಡೆಯಬೇಡಿ, ತಲೆಕೆಳಗು ಮಾಡಬೇಡಿ ಎಂದು ದಿನವೆಲ್ಲ ಯಾರಿಗೋ ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದೆ.

ಇದ್ದದ್ದು ಚಂದಾಪುರದಲ್ಲಿ, ಜಯಮ್ಮ ಎಂಬವರ ಮನೆಯ ಟೆರೇಸಿನ ಮೇಲಿನ ಒಂದು ರೂಮಿನಲ್ಲಿ. ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದ ಮೇಲೆಯೇ ಅವರು ಆ ಕಟ್ಟಡ ಎಬ್ಬಿಸಿದ್ದರು. ಕೆಳಗಿನ ಸಾಲು ರೂಮುಗಳಲ್ಲಿ ರಾಯಚೂರು, ಕೊಪ್ಪಳದ ಕಡೆಯ ಗಾರೆ ಕೆಲಸದವರ ಸಂಸಾರಗಳಿದ್ದವು. ನಾನು ಗದಗಿನವಳು, ಹೆಚ್ಚುಕಡಿಮೆ ಅವರ ಕಡೆಯವಳೇ. ಆದರೂ ಕಂಪ್ಯೂಟರ್ ಇಟ್ಟುಕೊಂಡವಳೆಂದು ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು, ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದರು. ಆಫೀಸಿನಲ್ಲಿ ನನ್ನ ಇಂಗ್ಲಿಷ್ ತಡವರಿಸುತ್ತದೆಂದು ಅಲ್ಲಿಯವರು ಊಟದ ಟೇಬಲ್ಲಿಗೆ ಕರೆಯುತ್ತಿರಲಿಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎನ್ನುವ ಹಾಗಿದ್ದೆ. ಶನಿವಾರ ಸಂಜೆ ಗೇಟಿನ ಸೆಕ್ಯುರಿಟಿಯವನಿಗೆ "ಬರ್ತೀನಣ್ಣ" ಎಂದು ಹೊರಟರೆ, ಸೋಮವಾರ ಮತ್ತೆ ಅವನ ಮುಖ ನೋಡುವವರೆಗೆ ಬಾಯಿ ತೆರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಅವ್ವ ಫೋನು ಮಾಡಿ "ಊಟ ಆತೇನ?" ಎಂದು ಕೇಳುತ್ತಿದ್ದಳು. ಆತು ಎನ್ನುತ್ತಿದ್ದೆ. ಅಷ್ಟಕ್ಕೆ ಇಬ್ಬರಿಗೂ ಸಮಾಧಾನವಾಗಬೇಕಿತ್ತು, ಆಗುತ್ತಿರಲಿಲ್ಲ.

ಆ ಒಂಟಿತನಕ್ಕೆ ನಾನು ಹುಡುಕಿಕೊಂಡ ಮದ್ದು ಐಕಾನ್ ಬರೆಯುವುದು. ಐಕಾನ್ ಎಂದರೆ ಕಂಪ್ಯೂಟರಿನ ಪರದೆಯ ಮೇಲೆ ಒತ್ತಿದರೆ ಪ್ರೋಗ್ರಾಂ ತೆರೆದುಕೊಳ್ಳುತ್ತದಲ್ಲ, ಆ ಪುಟ್ಟ ಚಿತ್ರ. ಓಪನ್ ಸೋರ್ಸ್ ಎಂದು ಕರೆಯುವ ಪ್ರೋಗ್ರಾಂಗಳಿವೆ. ಅವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಲ್ಲವರು ತಿದ್ದಬಹುದು. ಅವನ್ನು ಬರೆಯುವವರು ದೇಶದೇಶಗಳಲ್ಲಿ ತಮ್ಮ ಪಾಡಿಗೆ ಕೂತು ಬರೆಯುತ್ತಾರೆ, ಒಳಗಿನ ಲೆಕ್ಕಾಚಾರದಲ್ಲಿ ಎತ್ತಿದ ಕೈ, ಚಿತ್ರದ ವಿಷಯಕ್ಕೆ ಬಂದರೆ ಮಾತ್ರ ಕೈಚೆಲ್ಲುತ್ತಾರೆ. ನಮ್ಮದಕ್ಕೊಂದು ಐಕಾನ್ ಬೇಕಿತ್ತು ಎಂದು ಅವರು ಕೇಳುವ ಒಂದು ತಾಣವಿತ್ತು. ನಾನು ಬರೆದು ಕಳಿಸುತ್ತಿದ್ದೆ. ಕೆಳಗೆ ಯಾರೋ ಚೆನ್ನಾಗಿದೆ ಎನ್ನುತ್ತಿದ್ದರು, ಇನ್ಯಾರೋ ನೆರಳು ಜಾಸ್ತಿಯಾಯಿತು ಎನ್ನುತ್ತಿದ್ದರು. ಬೈದರೂ ಸರಿಯೇ, ನನ್ನೊಂದಿಗೆ ಮಾತಾಡುತ್ತಿದ್ದರು.

ಕೆಲಸಕ್ಕೆ ನನ್ನದೇ ಒಂದು ಕ್ರಮವಿತ್ತು. ಚಿತ್ರವನ್ನು ದೊಡ್ಡದಾಗಿ ಬರೆದು, ಅವರೆಕಾಳಿನಷ್ಟು ಚಿಕ್ಕದು ಮಾಡಿ, ರೂಮಿನ ಬಾಗಿಲವರೆಗೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡುವುದು. ಆಮೇಲೆ ಒಳಗಿನದಕ್ಕೆಲ್ಲ ಕಪ್ಪು ಬಳಿದು ಬರೀ ಹೊರಗೆರೆಯಿಂದ ಏನೆಂದು ಗುರುತು ಸಿಗುತ್ತದೆಯೇ ಎಂದು ನೋಡುವುದು. ಗುರುತು ಸಿಗದಿದ್ದರೆ ಎಷ್ಟೇ ಅಂದವಾಗಿರಲಿ, ಅಳಿಸುವುದು. ಈ ಚಾಳಿ ಅಂಟಿಕೊಂಡು ಬೀದಿಯಲ್ಲಿಯೂ ನಾನು ಜನರನ್ನು ಹೊರಗೆರೆಯಿಂದಲೇ ನೋಡುತ್ತಿದ್ದೆ. ನನ್ನ ಹೊರಗೆರೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಳೆ ಶುರುವಾದ ಹೊಸತರಲ್ಲಿ ಆ ತಾಣದಲ್ಲಿ ರಾಜಶೇಖರ್ ಎಂಬವರ ಕೋರಿಕೆ ಕಂಡಿತು. ಪೀಣ್ಯದ ಒಂದು ಟೂಲ್ ರೂಮಿನಲ್ಲಿ, ಅಂದರೆ ಅಚ್ಚುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ, ಡ್ರಾಯಿಂಗ್ ವಿಭಾಗ ನೋಡಿಕೊಳ್ಳುವವರು. ಬಿಡುವಿನಲ್ಲಿ ತಾವೇ ಕಲಿತು ಒಂದು ಪ್ರೋಗ್ರಾಂ ಬರೆದಿದ್ದರು. ಯಂತ್ರದ ಭಾಗಗಳ ಡ್ರಾಯಿಂಗ್ ತೆರೆದರೆ ಅದು ಪ್ರತಿ ಅಳತೆಯನ್ನೂ ಪರದೆಯ ತುಂಬ ದೊಡ್ಡ ಅಂಕಿಗಳಲ್ಲಿ ತೋರಿಸುತ್ತಿತ್ತು. ಹೆಸರು 'ಅಳತೆ'. ಅದಕ್ಕಿದ್ದ ಐಕಾನ್ ಒಂದು ಬೂದು ಚೌಕ, ಅದರೊಳಗೊಂದು 'ಅ'. ಸುವರ್ಣಾ ಎಂಬ ನನ್ನ ಹೆಸರು ನೋಡಿ ಅವರು ಕನ್ನಡದಲ್ಲೇ ಬರೆದರು. "ಕನ್ನಡದೋರಲ್ವಾ? ಹಾಗಾದ್ರೆ ಕನ್ನಡದಲ್ಲೇ ಬೈರಿ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ."

ಅಳತೆ ಎಂದಕೂಡಲೇ ನನಗೆ ಹೊಳೆದದ್ದು ವರ್ನಿಯರ್ ಕ್ಯಾಲಿಪರ್, ಕಾರ್ಖಾನೆಗಳಲ್ಲಿ ಬಿಡಿಭಾಗವನ್ನು ಕಚ್ಚಿ ಹಿಡಿದು ಅಳೆಯುವ ಉಕ್ಕಿನ ಸಾಧನ. ಅದರ ಸಣ್ಣ ಸಣ್ಣ ಗೀರುಗಳನ್ನೂ ಬಿಡದೆ ಬರೆದೆ. ತಿಳಿನೀಲಿ ಹಿನ್ನೆಲೆ, ಬೆಳ್ಳಿಬಣ್ಣದ ಉಕ್ಕು, ದುಂಡಗಿನ ಮೂಲೆಗಳು. ಆ ತಾಣದ ಐಕಾನ್‌ಗಳಿಗೆಲ್ಲ ಒಂದು ನಿಯಮವಿತ್ತು: ಎಲ್ಲವೂ ಒಂದೇ ಮನೆಯ ಮಕ್ಕಳಂತೆ ಕಾಣಬೇಕು, ಯಾವುದೂ ಎದ್ದು ಕೂಗಬಾರದು. ನೋಡಿ ಒಪ್ಪುವ ಹಿರಿಯರು ಎಲ್ಲೆಲ್ಲಿಯದೋ ದೇಶದವರು, ಅವರು ಹಾಡಿ ಹೊಗಳಿದರು. ಅವರ ಮುಖ್ಯ ಸಂಗ್ರಹಕ್ಕೆ ನನ್ನ ಐಕಾನ್ ಸೇರುವುದರಲ್ಲಿತ್ತು. ಸೇರಿದರೆ ನನ್ನ ಹೆಸರು ಸಾವಿರಾರು ಕಂಪ್ಯೂಟರುಗಳ ಒಳಗೆ ಹೋಗಿ ಕೂರುತ್ತಿತ್ತು. ನನಗದು ಎಷ್ಟು ಬೇಕಿತ್ತೆಂದು ಹೇಳಲು ಈಗ ನಾಚಿಕೆಯೇನಿಲ್ಲ.

ರಾಜಶೇಖರ್ ಒಬ್ಬರೇ ಬರೆದರು: "ತುಂಬಾ ಚೆನ್ನಾಗಿದೆ. ಆದ್ರೆ ಸಿಗ್ತಿಲ್ಲ."

ಗೀರುಗಳನ್ನು ಕಡಿಮೆ ಮಾಡಿದೆ. ಇನ್ನೂ ಚೆನ್ನಾಗಿದೆ, ಸಿಗ್ತಿಲ್ಲ ಎಂದರು. ಕ್ಯಾಲಿಪರನ್ನು ಓರೆಯಾಗಿಟ್ಟೆ, ದಪ್ಪ ಮಾಡಿದೆ, ನೀಲಿಯನ್ನು ಗಾಢ ಮಾಡಿದೆ. ಪ್ರತಿ ಸಲವೂ ಮೆಚ್ಚುಗೆ, ಪ್ರತಿ ಸಲವೂ ಅದೇ ಕೊನೆ. ಹೊರಗೆ ಹೊಸೂರು ರಸ್ತೆಯಲ್ಲಿ ನೀರು ನಿಂತು ವಾಹನಗಳು ಸಂಜೆಯೆಲ್ಲ ಹಾರನ್ ಬಾರಿಸುತ್ತಿದ್ದವು. ತೋಯ್ದು ತೊಪ್ಪೆಯಾಗಿ ಬಂದು, ಒದ್ದೆ ತಲೆಯಲ್ಲೇ ಕೂತು ಬರೆದದ್ದಕ್ಕೆ ಈ ಮನುಷ್ಯ ಹೀಗೆನ್ನುತ್ತಾನಲ್ಲ ಎಂದು ಪಿತ್ತ ನೆತ್ತಿಗೇರಿತು. "ಎಲ್ರಿಗೂ ಸಿಗತ್ತೆ ಸಾರ್, ನಿಮಗೊಬ್ರಿಗೇ ಯಾಕೆ ಸಿಗಲ್ಲ?" ಎಂದು ಬರೆದುಬಿಟ್ಟೆ.

ಕೆಲವು ದಿನ ಆ ಪುಟ ಹಾಗೇ ಬಿದ್ದಿತ್ತು. ಆಮೇಲೆ ಅವರು ಬೇರೆ ಯಾರಿಗೂ ಕಾಣದ ಹಾಗೆ ನನಗೆ ಸಂದೇಶ ಕಳಿಸಿ ನಂಬರ್ ಕೇಳಿದರು. ಭಾನುವಾರ ಮಧ್ಯಾಹ್ನ ಫೋನು ಬಂತು. ದನಿ ನಾನಂದುಕೊಂಡದ್ದಕ್ಕಿಂತ ಮೃದುವಾಗಿತ್ತು.

"ಸುವರ್ಣಾ ಅವ್ರೇ, ಕಣ್ಣಿಂದು ಒಂದು ತೊಂದ್ರೆ ಇದೆ ನಂಗೆ. ನೇರ ನೋಡಿದ್ರೆ ನಡುವಿನದೆಲ್ಲ ಅಳಿಸಿದ ಹಾಗೆ ಕಾಣತ್ತೆ. ಸುತ್ತಲಿಂದು ಕಾಣತ್ತೆ. ಕನ್ನಡಕಕ್ಕೆ ಬಗ್ಗೋದಲ್ಲವಂತೆ. ಪಕ್ಕಕ್ಕೆ ನೋಡ್ತಾ ನೋಡ್ತಾ ಕೆಲಸ ಮಾಡ್ಕೋತೀನಿ."

"ಆಫೀಸಲ್ಲಿ ಗೊತ್ತಾ ಸಾರ್?"

"ಗೊತ್ತಾದ್ರೆ ಡ್ರಾಯಿಂಗ್ ರೂಮಲ್ಲಿ ಇಟ್ಕೋತಾರಾ? ಹಳೆಯವನು ಅಂತ ಮನೆಗೆ ಕಳಿಸಲ್ಲ ಅನ್ಕೊಳ್ಳಿ, ಗೇಟಲ್ಲಿ ಕೂರಿಸ್ತಾರೆ. ಗೇಟಲ್ಲಿ ಏನ್ ಕೆಲಸ? ಬಂದೋರ ಮುಖ ನೋಡಿ ಗುರುತು ಹಿಡಿಯೋದು. ಅದೊಂದೇ ನಂಗಾಗದ ಕೆಲಸ." ಹೀಗೆಂದು ಅವರೇ ನಕ್ಕರು. ನನಗೆ ನಗಲಾಗಲಿಲ್ಲ.

ಪೂರ್ತಿ ಕಥೆ ಆಮೇಲೆ ಹೇಳಿದರು. 'ಅಳತೆ'ಯನ್ನು ಅವರು ಬರೆದುಕೊಂಡದ್ದೇ ತಮ್ಮ ಕಣ್ಣಿಗಾಗಿ. ಅದೊಂದು ತೆರೆದರೆ ಸಾಕು, ದೊಡ್ಡ ಅಂಕಿಗಳನ್ನು ಓದಿ ಮಿಕ್ಕವರಷ್ಟೇ ಸರಿಯಾಗಿ ಕೆಲಸ ಮಾಡುತ್ತಿದ್ದರು. ತಮ್ಮ ಟೇಬಲ್ಲಿನ ಕಂಪ್ಯೂಟರಿನಲ್ಲಿ ಕೀಲಿಮಣೆಯಿಂದಲೇ ತೆರೆಯುತ್ತಿದ್ದರು, ಬೆರಳಿಗೆ ದಾರಿ ಗೊತ್ತಿತ್ತು. ತೊಂದರೆ ಇದ್ದದ್ದು ಮೀಟಿಂಗ್ ರೂಮಿನಲ್ಲಿ. ಅಲ್ಲಿ ಗೋಡೆಗೆ ದೊಡ್ಡ ಟೀವಿ, ಕೈಗೆ ಬರೀ ಒಂದು ಮೌಸ್. ಐಕಾನ್‌ಗಳನ್ನು ಬಂದವರೆಲ್ಲ ಅಲ್ಲಿಂದಿಲ್ಲಿಗೆ ಎಳೆದಾಡಿರುತ್ತಿದ್ದರು. ಒಂದು ಸಲ ಮಾಲೀಕರ ಎದುರಿಗೇ 'ಅಳತೆ'ಯ ಬದಲು ಇಸ್ಪೀಟಿನ ಆಟ ತೆರೆದುಬಿಟ್ಟಿದ್ದರಂತೆ. ಎಲ್ಲರೂ ನಕ್ಕು ಸುಮ್ಮನಾದರು. ಅವರ ಡ್ರಾಯಿಂಗ್ ರೂಮಿನಲ್ಲೇ ಕೆಲಸ ಮಾಡುವ ಮಂಜುನಾಥ ಎಂಬವನಿಗೆ ಮಾತ್ರ ಅನುಮಾನ ಹುಟ್ಟಿತು. ಒಂದು ದಿನ ಡ್ರಾಯಿಂಗನ್ನು ಬೇಕೆಂದೇ ತಲೆಕೆಳಗು ಹಿಡಿದು "ಇದ್ ಸರಿ ಇದ್ಯಾ ನೋಡಿ ಸಾರ್" ಎಂದು ಮುಂದೆ ಚಾಚಿದ್ದನಂತೆ.

"ಆಯುಧಪೂಜೆ ಆದ್ಮೇಲೆ ದೊಡ್ಡ ಕಸ್ಟಮರ್ ಬರ್ತಾರೆ. ಟೀವೀಲಿ ನಾನೇ ತೋರಿಸ್ಬೇಕು. ಎಲ್ಲರೂ ನೋಡ್ತಿರೋವಾಗ ಮೌಸ್ ಹಿಡ್ಕೊಂಡು ಹುಡುಕ್ತಾ ಕೂತ್ರೆ ಅಲ್ಲಿಗೆ ಮುಗೀತು. ಮೊದಲ ಸಲಕ್ಕೇ ಸಿಗೋ ಹಾಗೆ ಮಾಡ್ಕೊಡ್ತೀರಾ?"

ಆ ದಿನದಿಂದ ನನ್ನ ಮಳೆಗಾಲದ ರೀತಿಯೇ ಬದಲಾಯಿತು. ನನ್ನನ್ನು ಯಾರೋ ಒಬ್ಬರು ನೆಚ್ಚಿದ್ದರು. ಒಂಟಿತನ ಹೋಯಿತೆಂದು ಸುಳ್ಳು ಹೇಳುವುದಿಲ್ಲ, ಆದರೆ ಅದರೊಳಗೆ ಮಾಡಲು ಕೆಲಸ ಸಿಕ್ಕಿತು. ಬಾಗಿಲವರೆಗೆ ಸರಿದು ಕಣ್ಣು ಕಿರಿದು ಮಾಡುವ ನನ್ನ ಕ್ರಮ ಇಲ್ಲಿ ನಡೆಯುವಂತಿರಲಿಲ್ಲ. ಗೋಡೆಯ ಮೊಳೆಯೊಂದನ್ನೇ ದಿಟ್ಟಿಸುತ್ತ, ಪಕ್ಕದ ಪರದೆಯ ಮೇಲಿನ ಐಕಾನನ್ನು ಕಣ್ಣಂಚಿನಿಂದ ಹಿಡಿಯಲು ನೋಡುತ್ತಿದ್ದೆ. ನನ್ನ ಚೆಂದದ ಕ್ಯಾಲಿಪರ್ ಆ ನೀಲಿ ಬೂದು ಸಂತೆಯಲ್ಲಿ ಎಲ್ಲಿ ಹೋಗಿ ಸೇರುತ್ತಿತ್ತೋ ತಿಳಿಯುತ್ತಿರಲಿಲ್ಲ. ಒಂದೇ ಮನೆಯ ಮಕ್ಕಳಂತೆ ಕಾಣಲೆಂದು ಬಳಿದ ಬಣ್ಣವೇ ಅದನ್ನು ಕಳೆದುಹಾಕಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬೀದಿಯಲ್ಲಿಯೂ ನೇರ ನೋಡುವುದನ್ನು ಬಿಟ್ಟು, ಓರೆಗಣ್ಣಿಗೆ ಏನೇನು ಸಿಗುತ್ತದೆ ಎಂದು ಪರೀಕ್ಷಿಸುತ್ತ ನಡೆಯತೊಡಗಿದೆ. ಎರಡು ಸಲ ಗುಂಡಿಗೆ ಕಾಲಿಟ್ಟು ಪಾದ ಉಳುಕಿಸಿಕೊಂಡೆ.

ಒಂದು ಸಂಜೆ ಚಂದಾಪುರ ಸರ್ಕಲ್ಲಿನಲ್ಲಿ ಬಸ್ಸಿಳಿದು ರಸ್ತೆ ದಾಟಲು ನಿಂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಎದುರಿನ ಸಿಗ್ನಲ್ಲನ್ನೇ ನೋಡುತ್ತಿದ್ದವಳಿಗೆ ಎಡಗಣ್ಣಿನ ಅಂಚಿನಲ್ಲಿ ಯಾರೋ ಹೂವು ಅಳೆಯುತ್ತಿದ್ದಾರೆ ಎಂದು ಗೊತ್ತಾಯಿತು. ತಿರುಗಿ ನೋಡಿದೆ. ನಿಜವಾಗಿಯೂ ರಸ್ತೆಯಾಚೆ, ಬಲ್ಬಿನ ಮುಂದೆ, ಒಬ್ಬಾಕೆ ಮೊಳ ಹೂವು ಅಳೆದು ಕೊಡುತ್ತಿದ್ದಳು. ಅಷ್ಟು ದೂರಕ್ಕೆ ಹೂವು ಕಾಣುತ್ತಿರಲಿಲ್ಲ, ಅವಳ ಮುಖವೂ ಕಾಣುತ್ತಿರಲಿಲ್ಲ. ಕಂಡದ್ದು ಬೆಳಕಿಗೆ ಎದುರಾಗಿ ಕಪ್ಪಾಗಿ ಮಡಿಚಿದ ಒಂದು ಮೊಳಕೈ ಮತ್ತು ಅದರಿಂದ ಮೇಲೆದ್ದ ಬೆರಳ ತುದಿ. ಮೊಳಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ನಮ್ಮ ಜನ ಅಳತೆಪಟ್ಟಿ ನೋಡುವ ಮೊದಲಿನಿಂದ ಕೈಯಲ್ಲೇ ಇಟ್ಟುಕೊಂಡಿದ್ದ ಅಳತೆ. ಬೇಡದಿದ್ದರೂ ಎರಡು ಮೊಳ ಮಲ್ಲಿಗೆ ಕೊಂಡುಕೊಂಡು, ಅವಳು ಅಳೆಯುವುದನ್ನು ಹತ್ತಿರದಿಂದ ನೋಡಿ ಮನೆಗೆ ಓಡಿದೆ.

ಗಾಢ ಹಳದಿ ಚೌಕ. ಅದರ ಮೇಲೆ ಅಚ್ಚ ಕಪ್ಪಿನಲ್ಲಿ ಮಡಿಚಿದ ಒಂದು ಕೈ, ಅದರಿಂದ ಇಳಿಬಿದ್ದ ಒಂದೇ ಒಂದು ದಪ್ಪ ಗೆರೆಯ ದಾರ. ನೆರಳಿಲ್ಲ, ಹೊಳಪಿಲ್ಲ. ಮಲ್ಲಿಗೆ ಕೊಡಲು ಹೋದಾಗ ಜಯಮ್ಮನವರಿಗೆ ಫೋನಿನಲ್ಲಿ ತೋರಿಸಿದೆ. ಅವರು ಅಕ್ಕಿ ಆರಿಸುತ್ತಿದ್ದವರು ಕತ್ತು ಕೂಡ ಪೂರ್ತಿ ತಿರುಗಿಸಲಿಲ್ಲ.

"ಊವ ಅಳೀತಾವ್ಳೆ. ಯಾಕ್ ಮಗಾ?"

"ಸುಮ್ನೆ ಕೇಳ್ದೆ ಅಮ್ಮಾ."

"ಒಬ್ಳೇ ಕುಂತು ಇಂಗೆ ಕೈ ಕಾಲು ಬರೀತಾ ಕುಂತ್ರೆ ಆಯ್ತದಾ? ಬಾ, ಮುದ್ದೆ ಉಣ್ಣು." ಆ ದಿನ ಅವರ ಅಡುಗೆಮನೆಯಲ್ಲಿ ಕೂತು ಮುದ್ದೆ, ಬಸ್ಸಾರು ಉಂಡೆ. ಆ ಊರಿನಲ್ಲಿ ಯಾರದಾದರೂ ಮನೆಯೊಳಗೆ ಕೂತು ಉಂಡದ್ದು ಅದೇ ಮೊದಲು.

ತಾಣದ ಹಿರಿಯರಿಗೆ ಮಾತ್ರ ಅದು ಬೇರೆಯೇ ಕಂಡಿತು. ಇದೇನು ಕಸರತ್ತು ಮಾಡುವವರ ಪ್ರೋಗ್ರಾಮೇ ಎಂದು ಒಬ್ಬ ಕೇಳಿದ. ತೋಳಿನ ಸ್ನಾಯು ಇನ್ನಷ್ಟು ಉಬ್ಬಿಸಬಹುದು ಎಂದು ಇನ್ನೊಬ್ಬ ಸಲಹೆ ಕೊಟ್ಟ. ಹೂವು, ಮೊಳ, ದಾರ ಎಂದು ಉದ್ದಕ್ಕೆ ವಿವರಿಸಿ ಬರೆದೆ. ಆಸಕ್ತಿಕರವಾಗಿದೆ, ಆದರೆ ನಮ್ಮ ಸಂಗ್ರಹಕ್ಕೆ ಹೊಂದುವುದಿಲ್ಲ, ಹಿಂದಿನ ನೀಲಿ ಕ್ಯಾಲಿಪರನ್ನೇ ಉಳಿಸಿಕೊಂಡರೆ ಈಗಲೂ ಸೇರಿಸುತ್ತೇವೆ ಎಂದರು. ಒಂದು ಭಾನುವಾರ ಪೂರ್ತಿ ಆ ಸಾಲನ್ನು ನೋಡುತ್ತ ಕೂತಿದ್ದೆ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸಂಜೆ ಮಳೆ ಬಂತು, ಒಣಹಾಕಿದ ಬಟ್ಟೆ ತೆಗೆದುಕೊಂಡು ಬಂದು, ಬೇಡ ಎಂದು ಬರೆದು ಕಳಿಸಿದೆ. ತಾಣದವರು ಒಪ್ಪದಿದ್ದರೂ ರಾಜಶೇಖರ್ ತಮ್ಮ ಪ್ರೋಗ್ರಾಮಿನೊಳಗೆ ಅದನ್ನು ಹಾಕಿಕೊಳ್ಳಲು ಅಡ್ಡಿಯಿರಲಿಲ್ಲ. ಹಾಕಿಕೊಂಡು ಫೋನು ಮಾಡಿದರು.

"ಸಿಕ್ತು" ಎಂದರು.

ಕಸ್ಟಮರ್ ಬರುವ ದಿನ ನನ್ನನ್ನೂ ಬರಹೇಳಿದರು. ಮೀಟಿಂಗ್ ರೂಮಿನ ಕಂಪ್ಯೂಟರಿಗೆ ಹೊಸ 'ಅಳತೆ' ಹಾಕಿಕೊಡಲು ಒಬ್ಬರು ಬರುತ್ತಾರೆ ಎಂದು ಮಾಲೀಕರಿಗೆ ಹೇಳಿದ್ದರು. "ಮುಗಿದ ಮೇಲೆ ಗೇಟಿನ ಎದುರುಗಡೆ ದರ್ಶಿನೀಲಿ ಕಾಫಿ ಕುಡಿಯೋಣ. ನಿಮ್ಮನ್ನ ನೋಡ್ಬೇಕು, ಅಂದ್ರೆ ನಂಗೆ ಕಾಣೋ ಅಷ್ಟು" ಎಂದರು. ನಾನು ಬುದ್ಧಿವಂತಿಕೆ ಮಾಡಿ "ಹಳದಿ ಚೂಡಿದಾರ್ ಹಾಕ್ಕೊಂಡ್ ಬರ್ತೀನಿ ಸಾರ್, ಸುಲಭವಾಗಿ ಸಿಗ್ತೀನಿ" ಎಂದೆ. ಅದಕ್ಕೆಂದೇ ಆನೇಕಲ್ಲಿಗೆ ಹೋಗಿ ಆ ಹಳದಿಯ ಬಟ್ಟೆ ಹುಡುಕಿ ಹೊಲಿಸಿದ್ದೆ. ಹಬ್ಬಕ್ಕೂ ನಾನು ಅಷ್ಟು ಸಡಗರಪಟ್ಟವಳಲ್ಲ.

ಪೀಣ್ಯದ ಆ ಕಾರ್ಖಾನೆಯೊಳಗೆ ಕಾಲಿಟ್ಟಾಗ ಕಟಿಂಗ್ ಆಯಿಲಿನ ವಾಸನೆ ಮುಖಕ್ಕೆ ಹೊಡೆಯಿತು. ಪೂಜೆ ಮುಗಿದು ಕೆಲವೇ ದಿನವಾಗಿತ್ತು, ಲೇತುಗಳ ಮೇಲೆ ಕುಂಕುಮ ಹಾಗೇ ಇತ್ತು, ಮೀಟಿಂಗ್ ರೂಮಿನ ಟೀವಿಯ ಮೂಲೆಗೂ ಮೂರು ಬೆರಳಿನ ವಿಭೂತಿ ಎಳೆದಿದ್ದರು. ಪ್ರೋಗ್ರಾಂ ಹಾಕಿ ಮೂಲೆಯ ಕುರ್ಚಿಯಲ್ಲಿ ಕೂತೆ. ಮಾಲೀಕರು, ಕಸ್ಟಮರ್ ಕಡೆಯ ಮೂವರು, ಕೊನೆಗೆ ರಾಜಶೇಖರ್ ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಇವ್ರೇ ಸಾಫ್ಟ್‌ವೇರ್ ಮೇಡಂ" ಎಂದು ಮಾಲೀಕರು ಪರಿಚಯಿಸಿದಾಗ ನನ್ನ ಭುಜದಾಚೆಯ ಗೋಡೆಯನ್ನು ನೋಡುತ್ತ ಕೈ ಮುಗಿದರು. ಕಣ್ಣಂಚಿನಲ್ಲಿ ಅವರು ನೋಡುತ್ತಿದ್ದದ್ದು ನನ್ನನ್ನೇ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವರು ಮೌಸ್ ಹಿಡಿದರು. ಟೀವಿಯ ತುಂಬ ಐಕಾನ್‌ಗಳು, ಎಲ್ಲವೂ ನೀಲಿ, ಎಲ್ಲವೂ ದುಂಡು ಮೂಲೆ. ನನ್ನ ಹಳದಿ ಚೌಕ ಬಲಗಡೆಯ ಕೆಳಗೆಲ್ಲೋ ಬಿದ್ದಿತ್ತು. ಬಾಣ ಎಲ್ಲಿಯೂ ನಿಲ್ಲದೆ ಸೀದಾ ಅಲ್ಲಿಗೆ ಹೋಯಿತು, ಒತ್ತಿದರು, ತೆರೆಯಿತು. ಯಾರಿಗೂ ಏನೂ ಅನ್ನಿಸಲಿಲ್ಲ. ಕಸ್ಟಮರ್ ಒಬ್ಬರು ಬಿಸ್ಕತ್ತು ಮುರಿಯುತ್ತಿದ್ದರು. ಅಂಕಿಗಳು ದೊಡ್ಡದಾಗಿ ಬಂದವು, ರಾಜಶೇಖರ್ ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದರು. ನನಗೆ ಎದ್ದು ನಿಂತು ಕುಣಿಯಬೇಕೆನ್ನಿಸಿತು. ದುಪಟ್ಟಾ ಸರಿಮಾಡಿಕೊಂಡು ಸುಮ್ಮನೆ ಕೂತೆ.

ಮೀಟಿಂಗ್ ಮುಗಿದಾಗ ಮಳೆ ಜೋರಾಗಿತ್ತು. ಅವರು ಕಸ್ಟಮರ್ ಜೊತೆ ಮಾತಿನಲ್ಲಿದ್ದರು. ನಾನು ಬ್ಯಾಗಿನಿಂದ ನೀಲಿ ರೈನ್‌ಕೋಟ್ ತೆಗೆದು ಹಳದಿ ಚೂಡಿದಾರದ ಮೇಲೆ ಹಾಕಿಕೊಂಡು, ರಸ್ತೆ ದಾಟಿ, ದರ್ಶಿನಿಯ ನಿಂತು ಕುಡಿಯುವ ಟೇಬಲ್ಲಿನ ಬಳಿ ಹೋಗಿ ನಿಂತೆ. ಮಳೆಗೆ ಓಡಿಬಂದವರೆಲ್ಲ ಅಲ್ಲೇ ಸೇರಿದ್ದರು. ಸ್ವಲ್ಪ ಹೊತ್ತಿಗೆ ರಾಜಶೇಖರ್ ಬಂದರು. ಜೊತೆಗೆ ಛತ್ರಿ ಹಿಡಿದು ಇನ್ನೊಬ್ಬ. ಮೀಟಿಂಗಿನಲ್ಲಿ ಅವನಿರಲಿಲ್ಲ. "ಮಂಜು, ನಂದು ಸಕ್ಕರೆ ಕಮ್ಮಿ" ಎಂದು ಇವರು ಹೇಳಿದಾಗ ಅವನೇ ಮಂಜುನಾಥ ಎಂದು ತಿಳಿಯಿತು. ಕಾಫಿ ಲೋಟ ಹಿಡಿದು ಇಬ್ಬರೂ ನೇರ ನನ್ನ ಟೇಬಲ್ಲಿಗೇ ಬಂದರು, ಜಾಗವಿದ್ದದ್ದು ಅಲ್ಲೊಂದೇ. ರಾಜಶೇಖರ್ ನನ್ನ ಕಡೆ ಮುಖಮಾಡಿ ಬಹಳ ಮರ್ಯಾದೆಯಿಂದ ಕೇಳಿದರು:

"ಇಲ್ಲಿ ಇಟ್ಕೋಬೋದಾಮ್ಮ?"

ಬಾಯಿಯವರೆಗೆ ಬಂದ 'ಸಾರ್' ಎಂಬ ಮಾತನ್ನು ಮಂಜುನಾಥನ ಮುಖ ನೋಡಿ ನುಂಗಿಕೊಂಡೆ. ನಾನು ಯಾರೆಂದು ಗೊತ್ತಾದರೆ, ಕೆಲವೇ ನಿಮಿಷದ ಹಿಂದೆ ಮೀಟಿಂಗಿನಲ್ಲಿ ಕೂತಿದ್ದವಳನ್ನು ಇವರು ಗುರುತಿಸಲಿಲ್ಲ ಎಂದು ಅವನಿಗೆ ಆ ಕ್ಷಣದಲ್ಲೇ ತಿಳಿದುಹೋಗುತ್ತಿತ್ತು. ಟೀವಿಯ ಮುಂದೆ ಉಳಿದದ್ದು ಕಾಫಿ ಟೇಬಲ್ಲಿನ ಮುಂದೆ ಹೋಗುತ್ತಿತ್ತು. ನನ್ನ ಲೋಟವನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟೆ. ಮಾತಾಡಿದರೆ ದನಿ ಗುರುತು ಸಿಗುತ್ತದೆಂದು ತಲೆಯನ್ನಷ್ಟೇ ಆಡಿಸಿದೆ.

"ಅದೇನ್ ಸಾರ್ ಹೊಸ ಐಕಾನು, ಯಾವ್ದೋ ಕೈ?" ಎಂದ ಮಂಜುನಾಥ.

"ಮೊಳ ಕಣೋ. ಹೂವು ಅಳೆಯಲ್ವಾ, ಅದು. ಒಬ್ಬ ಹುಡುಗಿ ಬರೆದಿದ್ದು. ಚಂದಾಪುರದಲ್ಲಿದ್ದಾಳೆ, ಒಬ್ಬಳೇ ಇರೋದು ಪಾಪ. ಒಂದಿನ ಮನೆಗೆ ಊಟಕ್ಕೆ ಕರೀಬೇಕು."

ಮಾತಾಡುತ್ತ ಅವರು ಕತ್ತನ್ನು ಅತ್ತ ಇತ್ತ ಹೊರಳಿಸಿ ಅಂಗಡಿಯ ಒಳಗೆಲ್ಲ, ಹೊರಗಿನ ಮಳೆಯಲ್ಲೆಲ್ಲ ಏನೋ ಹುಡುಕುತ್ತಿದ್ದರು. ನಾನು ಕೈ ಚಾಚಿದರೆ ಅವರ ತೋಳು ಮುಟ್ಟಬಹುದಿತ್ತು. ಮಂಜುನಾಥ ಹೋಗಲಿ ಎಂದು ತಣ್ಣಗಾದ ಕಾಫಿಯನ್ನು ಗುಟುಕು ಗುಟುಕಾಗಿ ಎಳೆದೆ. ಅವನು ಹೋಗಲಿಲ್ಲ. ಮಾಲೀಕರ ಫೋನು ಬಂತು, ಛತ್ರಿ ಬಿಚ್ಚಿ ಇವರನ್ನೂ ಕರೆದುಕೊಂಡು ಹೋದ.

ವಾಪಸ್ ಹೊರಟು ಮೆಟ್ರೊದಲ್ಲಿ ಕೂತಾಗ ಅವರ ಸಂದೇಶ ಬಂತು. "ಕೆಲಸ ಉಳೀತು ಸುವರ್ಣಾ. ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ದರ್ಶಿನೀಲಿ ತುಂಬಾ ಹೊತ್ತು ಹಳದಿ ಹುಡುಕಿದೆ. ನೀವು ಬರಲೇ ಇಲ್ವಲ್ಲ."

ಏನೇನೋ ಬರೆದು ಅಳಿಸಿದೆ. ರೈನ್‌ಕೋಟಿನಿಂದ ನೀರು ಸೀಟಿನ ಕೆಳಗೆಲ್ಲ ಇಳಿಯುತ್ತಿತ್ತು. ಕೊನೆಗೆ, "ಮಳೆ ಜೋರಿತ್ತು ಸಾರ್, ಹೊರಟುಬಿಟ್ಟೆ" ಎಂದು ಕಳಿಸಿದೆ.